ಬೆರಳ ತುದಿಯ ರದ್ದಿ ದುಡ್ಡು

ಒಗ್ಗರಣೆಗೆ ಸಾಸಿವೆ ಹಾಕಿದ್ದೆ ಅಷ್ಟೇ, ಫೋನು ‘ಟಿಂಗ್’ ಎಂದಿತು. ಎಡಗೈಯಲ್ಲಿ ಎತ್ತಿ ನೋಡಿದರೆ ಒಂದು ಪ್ರಶ್ನೆ. ಈ ನಾಲ್ಕರಲ್ಲಿ ಇತ್ತೀಚೆಗೆ ಯಾವ ಜಾಗಕ್ಕೆ ಹೋಗಿದ್ದಿರಿ? ಅದರಲ್ಲೊಂದು, ಅವತ್ತು ಬೆಳಿಗ್ಗೆ ನಾನು ನಿಂತುಕೊಂಡೇ ಎರಡು ಇಡ್ಲಿ ತಿಂದು ಬಂದಿದ್ದ ದರ್ಶಿನಿ! ಅದರ ಹೆಸರು ಒತ್ತಿದೆ. ದುಡ್ಡು ಹೇಗೆ ಕೊಟ್ಟಿರಿ? ಯುಪಿಐ ಎಂದು ಒತ್ತಿದೆ. ಮುಗಿಯಿತು. ಸಾಸಿವೆ ಚಟಪಟ ಸಿಡಿದು ಸುಮ್ಮನಾಗುವಷ್ಟರಲ್ಲಿ ನನ್ನ ಹೆಸರಿಗೆ ₹11 ಚಿಲ್ಲರೆ ಜಮೆಯಾಗಿತ್ತು.

ಹನ್ನೊಂದು ರೂಪಾಯಿಗೆ ಇವತ್ತು ಬೆಂಗಳೂರಿನಲ್ಲಿ ಒಂದು ಲೋಟ ಕಾಫಿ ಸಿಗುವುದೂ ಕಷ್ಟ. ಆದರೆ ಆ ಹನ್ನೊಂದು ರೂಪಾಯಿ ನನ್ನ ಒಂದು ರಾತ್ರಿಯ ನಿದ್ದೆಯನ್ನೇ ಕದ್ದುಬಿಟ್ಟಿತು. ನಾನು ಏನನ್ನೂ ಮಾರಲಿಲ್ಲ, ಯಾರ ಕೆಲಸವನ್ನೂ ಮಾಡಿಕೊಡಲಿಲ್ಲ. ಇಡ್ಲಿ ತಿಂದಿದ್ದು ನಿಜ ಎಂದು ಹೇಳಿದೆ, ಅಷ್ಟೇ. ಅದಕ್ಕೆ ದುಡ್ಡು ಕೊಟ್ಟವರು ಯಾರು? ಎಲ್ಲಿಂದ ತಂದು ಕೊಟ್ಟರು? ಮತ್ತು ಇಷ್ಟು ವರ್ಷ ದಿನಕ್ಕೆ ನೂರು ಸಲ ಈ ಗಾಜಿನ ಮೇಲೆ ಬೆರಳಾಡಿಸಿದ್ದೇನಲ್ಲ, ಆ ಬೆರಳಾಟದ ದುಡ್ಡೆಲ್ಲ ಯಾರ ಕೈ ಸೇರಿತು?

ಹುಡುಕುತ್ತಾ ಹೋದೆ. ಒಂದು ಬಾಗಿಲು ತೆರೆದರೆ ಅದರ ಹಿಂದೆ ಇನ್ನೊಂದು ಬಾಗಿಲು!

ಸಾಸಿವೆ ಡಬ್ಬಿಯ ಅರ್ಥಶಾಸ್ತ್ರ

ಮೊದಲು ನೆನಪಾದದ್ದು ಹಾಸನದ ನಮ್ಮ ಹಳೆಯ ಮನೆ. ತಿಂಗಳಿಗೊಮ್ಮೆ ಸೈಕಲ್ಲಿಗೆ ಗೋಣಿಚೀಲ ಕಟ್ಟಿಕೊಂಡು ರದ್ದಿ ಪೇಪರಿನವನು ಬರುತ್ತಿದ್ದ. ಅಮ್ಮ ಮಂಚದಡಿಯಿಂದ ದಾರ ಕಟ್ಟಿದ ಪೇಪರ್ ಕಟ್ಟುಗಳನ್ನು ಎಳೆದು ತಂದು ಜಗುಲಿಯ ಮೇಲಿಟ್ಟು, ತಕ್ಕಡಿಯ ಮುಳ್ಳಿನ ಮೇಲೆ ಕಣ್ಣು ನೆಟ್ಟು ನಿಲ್ಲುತ್ತಿದ್ದಳು. ಸಿಕ್ಕ ಚಿಲ್ಲರೆ ನೇರವಾಗಿ ಸಾಸಿವೆ ಡಬ್ಬಿಗೆ. ಅಪ್ಪ ಮನೆಯ ಪ್ರತಿ ಪೈಸೆಯ ಲೆಕ್ಕ ಬರೆಯುವವರು, ಆದರೆ ಆ ಡಬ್ಬಿಯ ಲೆಕ್ಕ ಒಂದು ದಿನವೂ ಕೇಳಲಿಲ್ಲ. ಅದು ಅಮ್ಮನ ಕಸೂತಿ ದಾರದ ದುಡ್ಡು. ಕಡುಗೆಂಪು, ಗಿಳಿಹಸಿರು, ಅರಿಶಿನ ಬಣ್ಣದ ಲಡಿಗಳು ಆ ಡಬ್ಬಿಯಿಂದಲೇ ಹುಟ್ಟುತ್ತಿದ್ದವು. ಓದಿ ಮುಗಿಸಿದ ಸುದ್ದಿ ಅಮ್ಮನ ಕೈಯಲ್ಲಿ ನವಿಲಾಗುತ್ತಿತ್ತು, ಬಳ್ಳಿಯಾಗುತ್ತಿತ್ತು.

ಈಗ ಪೇಪರಿನ ಜಾಗಕ್ಕೆ ಫೋನು ಬಂದಿದೆ. ಸುದ್ದಿ ಓದುತ್ತೇವೆ, ಬಸ್ಸಿನ ಸಮಯ ಹುಡುಕುತ್ತೇವೆ, ಮೊಣಕಾಲು ನೋವಿಗೆ ಮದ್ದು ಕೇಳುತ್ತೇವೆ. ಓದಿದ ಮೇಲೆ ಉಳಿಯುವ ರದ್ದಿ ಎಲ್ಲಿ ಹೋಯಿತು? ರದ್ದಿ ಇದ್ದೇ ಇದೆ! ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ನಾವು ಏನು ಹುಡುಕಿದೆವು, ಎಲ್ಲಿ ನಿಂತು ನೋಡಿದೆವು, ಯಾವುದನ್ನು ಒತ್ತಿದೆವು ಎಂಬ ಹೆಜ್ಜೆಗುರುತುಗಳೇ ಆ ರದ್ದಿ. ಅದನ್ನು ತೂಗುವ ತಕ್ಕಡಿ ಹಗಲೂ ರಾತ್ರಿ ತೂಗುತ್ತಲೇ ಇದೆ. ಅದರ ಮುಳ್ಳನ್ನು ನಾವು ನೋಡಿರಲಿಲ್ಲ.

ರೆಪ್ಪೆ ಬಡಿಯುವುದರೊಳಗೆ ಒಂದು ಹರಾಜು

ಆ ತಕ್ಕಡಿ ಕೆಲಸ ಮಾಡುವ ಬಗೆ ತಿಳಿದಾಗ ನನ್ನ ಮೈ ಜುಮ್ಮೆಂದಿತು. ನೀವು ಒಂದು ಪುಟ ತೆರೆಯುತ್ತೀರಿ. ಅಕ್ಷರಗಳು ಮೂಡುವ ಮುನ್ನವೇ, ಆ ಪುಟದಲ್ಲಿ ಜಾಹೀರಾತಿಗೆಂದು ಬಿಟ್ಟ ಖಾಲಿ ಚೌಕ ಒಂದು ಸಂತೆಗೆ ಕೂಗು ಹಾಕುತ್ತದೆ. ‘ಇಂಥ ಊರಿನ, ಇಂಥ ಅಭಿರುಚಿಯ ಒಬ್ಬರು ಬಂದಿದ್ದಾರೆ, ಅವರ ಕಣ್ಣ ಮುಂದೆ ನಿಲ್ಲಲು ಎಷ್ಟು ಕೊಡುತ್ತೀರಿ?’ ಹತ್ತಾರು ಕಂಪ್ಯೂಟರುಗಳು ಬೆಲೆ ಕೂಗುತ್ತವೆ. ಒಬ್ಬರು ಗೆಲ್ಲುತ್ತಾರೆ. ಗೆದ್ದವರ ಜಾಹೀರಾತು ನಿಮ್ಮ ಪರದೆಗೆ ಬಂದು ಕೂರುತ್ತದೆ. ಬೆಲೆ ಕೂಗಲು ಸಾಮಾನ್ಯವಾಗಿ ಸಿಗುವ ಗಡುವು ಸುಮಾರು 100 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ! ಎಪಿಎಂಸಿ ಯಾರ್ಡಿನಲ್ಲಿ ಒಂದು ಮೂಟೆ ಮೆಣಸಿನಕಾಯಿ ಕೂಗಿ ಮುಗಿಸುವ ಹೊತ್ತಿಗೆ ಇಲ್ಲಿ ನೂರಾರು ಹರಾಜು ಮುಗಿದಿರುತ್ತವೆ. ಪ್ರತಿ ಹರಾಜಿನಲ್ಲೂ ಬಿಕರಿಯಾಗುವುದು ನಮ್ಮ ಗಮನ.

ಗಮನಕ್ಕೆ ಬೆಲೆ ಬರುತ್ತದೆ ಎಂದು ಎಷ್ಟು ಮುಂಚೆ ಕಂಡಿದ್ದರು ನೋಡಿ! ಮಾಹಿತಿ ಹೆಚ್ಚಾದಷ್ಟೂ ಗಮನಕ್ಕೆ ಬರಗಾಲ ಬರುತ್ತದೆ ಎಂದು ಹರ್ಬರ್ಟ್ ಸೈಮನ್ 1971ರಲ್ಲೇ ಹೇಳಿದ್ದರು. ಮುಂದೆ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು ಅವರು. ಅವರು ಆ ಮಾತು ಹೇಳಿದಾಗ ವರ್ಲ್ಡ್ ವೈಡ್ ವೆಬ್ ಹುಟ್ಟಿರಲೇ ಇಲ್ಲ. ಇವತ್ತು ಆ ಬರಗಾಲದ ಬೆಲೆ ಎಷ್ಟು? 2023ರಲ್ಲಿ ಗೂಗಲ್ ಬರೀ ಜಾಹೀರಾತಿನಿಂದ ಗಳಿಸಿದ್ದು 23,700 ಕೋಟಿ ಡಾಲರಿಗೂ ಹೆಚ್ಚು. ಆಪಲ್ ಫೋನಿನ ಬ್ರೌಸರಿನಲ್ಲಿ ತಾನೇ ಮೊದಲ ಸರ್ಚ್ ಎಂಜಿನ್ ಆಗಿ ಕೂರಲು 2022ರ ಒಂದೇ ವರ್ಷ ಆಪಲ್‌ಗೆ ಅದು ಕೊಟ್ಟದ್ದು 2,000 ಕೋಟಿ ಡಾಲರ್. ಅಮೆರಿಕದ ಕೋರ್ಟಿನ ದಾಖಲೆಗಳಿಂದ ಹೊರಬಿದ್ದ ಅಂಕಿ ಇದು. ಜನ ಹುಡುಕುವ ಒಂದು ಸಣ್ಣ ಪೆಟ್ಟಿಗೆಯ ಬಾಗಿಲಲ್ಲಿ ನಿಲ್ಲಲು ಇಷ್ಟು ಬಾಡಿಗೆ! ಆ ಪೆಟ್ಟಿಗೆಯಲ್ಲಿ ಅಕ್ಷರ ಒತ್ತುವ ಬೆರಳು ನಮ್ಮದು.

ಇದನ್ನು ಓದಿದ ಮೇಲೆ ನನ್ನ ಹನ್ನೊಂದು ರೂಪಾಯಿ ಬೇರೆಯೇ ಆಗಿ ಕಂಡಿತು. ಅದು ಭಿಕ್ಷೆಯಲ್ಲ, ಲಾಟರಿಯೂ ಅಲ್ಲ. ನನ್ನದೇ ರದ್ದಿಯ ಒಂದು ಚೂರು ಪಾಲು, ದಾರಿ ತಿಳಿದು ಮನೆಗೆ ಬಂದಿತ್ತು.

ಸ್ಟ್ಯಾಂಪು ಕೊಟ್ಟು ಸಾಮಾನು ಕೊಂಡ ಕಾಲ

ಇನ್ನೊಂದು ಬಾಗಿಲು ತೆರೆದಾಗ ನಾನು ಕುರ್ಚಿಯಿಂದ ಎದ್ದೇ ನಿಂತೆ. ಯಾಕೆಂದರೆ ನನ್ನ ಹವ್ಯಾಸ ಅಂಚೆಚೀಟಿ ಸಂಗ್ರಹ, ಮತ್ತು ಈ ಇಡೀ ಪಾಯಿಂಟು–ಬಹುಮಾನದ ಪದ್ಧತಿಯ ಮುತ್ತಜ್ಜಿ ಸಾಕ್ಷಾತ್ ಒಂದು ಸ್ಟ್ಯಾಂಪು!

1896ರಲ್ಲಿ ಅಮೆರಿಕದಲ್ಲಿ ಸ್ಪೆರ್ರಿ ಅಂಡ್ ಹಚಿನ್ಸನ್ ಎಂಬ ಕಂಪನಿ ಶುರುವಾಯಿತು. ಅಂಗಡಿಗಳಲ್ಲಿ ಸಾಮಾನು ಕೊಂಡವರಿಗೆ ಹಸಿರು ಬಣ್ಣದ ಪುಟ್ಟ ಚೀಟಿಗಳು ಸಿಗುತ್ತಿದ್ದವು. ನಾಲಿಗೆಯಿಂದ ಒದ್ದೆ ಮಾಡಿ ಪುಸ್ತಕಕ್ಕೆ ಅಂಟಿಸಬೇಕು, ಪುಸ್ತಕ ತುಂಬಿದರೆ ಕೊಟ್ಟು ದೀಪವನ್ನೋ ಪಾತ್ರೆಯನ್ನೋ ಆಟಿಕೆಯನ್ನೋ ತರಬೇಕು. 1960ರ ದಶಕದಲ್ಲಿ, ಅಮೆರಿಕದ ಅಂಚೆ ಇಲಾಖೆಗಿಂತ ಮೂರು ಪಟ್ಟು ಹೆಚ್ಚು ಸ್ಟ್ಯಾಂಪು ತಾನೇ ಹಂಚುತ್ತೇನೆ ಎಂದು ಆ ಕಂಪನಿ ಹೇಳಿಕೊಳ್ಳುತ್ತಿತ್ತು! ನಮ್ಮಲ್ಲೂ ಸೋಪಿನ ಕವರು ಕೂಡಿಟ್ಟು ಸ್ಟೀಲ್ ಚಮಚ ತಂದ ಮನೆಗಳಿಲ್ಲವೇ? ಅದೇ ಆಸೆ, ಅದೇ ಕೂಡಿಡುವ ಖುಷಿ.

ಆ ಖುಷಿ ಅಂತರಜಾಲಕ್ಕೆ ಕಾಲಿಟ್ಟ ಕಥೆ ಇನ್ನೂ ರೋಚಕ. 1999ರಲ್ಲಿ ಕ್ಯಾಲಿಫೋರ್ನಿಯಾದ ಆಲ್‌ಅಡ್ವಾಂಟೇಜ್ ಎಂಬ ಕಂಪನಿ ಜನರಿಗೆ ಹೇಳಿತು: ನಿಮ್ಮ ಪರದೆಯ ಅಂಚಿನಲ್ಲಿ ನಮ್ಮ ಜಾಹೀರಾತಿನ ಒಂದು ಪಟ್ಟಿ ಇರಲಿ, ನೀವು ಜಾಲಾಡುವ ಗಂಟೆಗೆ ಅರ್ಧ ಡಾಲರ್ ಕೊಡುತ್ತೇವೆ. ಜನ ಜಾತ್ರೆಯಂತೆ ನುಗ್ಗಿದರು. ಒಂದೂವರೆ ವರ್ಷದಲ್ಲಿ 1 ಕೋಟಿ ಸದಸ್ಯರು! ಕುರ್ಚಿಯಲ್ಲಿ ಕೂರದೆಯೇ ಗಂಟೆ ಎಣಿಸಿಕೊಳ್ಳಲು ಮೌಸನ್ನು ತಾನೇ ಅಲ್ಲಾಡಿಸುವ ತಂತ್ರಾಂಶಗಳೂ ಹುಟ್ಟಿಕೊಂಡವು. ಜಾಹೀರಾತಿನ ಮಾರುಕಟ್ಟೆ ಕುಸಿಯಿತು, 2001ರಲ್ಲಿ ಕಂಪನಿ ಬಾಗಿಲು ಮುಚ್ಚಿತು. ಆದರೆ ಒಂದು ಬೀಜ ಬಿದ್ದಾಗಿತ್ತು. ನೋಡುವವನಿಗೂ ಒಂದು ಪಾಲು ಇರಬೇಕು ಎಂಬ ಬೀಜ.

ಇವತ್ತಿನ ನಾಲ್ಕು ಹೊಳೆಗಳು

ಆ ಬೀಜ ಇವತ್ತು ನಾಲ್ಕು ಕಡೆ ಚಿಗುರಿದೆ. ಮೂರನ್ನು ನಾನು ಕೈಯಾರೆ ಮುಟ್ಟಿ ನೋಡಿದ್ದೇನೆ.

ಒಂದು, ನನ್ನ ಒಗ್ಗರಣೆಯ ಹೊತ್ತಿನ ಗೂಗಲ್ ಒಪಿನಿಯನ್ ರಿವಾರ್ಡ್ಸ್. 2013ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಇದು 2017ರಲ್ಲಿ ಭಾರತಕ್ಕೆ ಬಂತು. ಎರಡು ಮೂರು ಪ್ರಶ್ನೆ, ಕೆಲವು ರೂಪಾಯಿ. ಆಂಡ್ರಾಯ್ಡ್ ಫೋನಿನಲ್ಲಿ ಆ ದುಡ್ಡು ಪ್ಲೇ ಸ್ಟೋರಿನಲ್ಲಿ ಮಾತ್ರ ಖರ್ಚಾಗುತ್ತದೆ, ಒಂದು ವರ್ಷದೊಳಗೆ ಬಳಸದಿದ್ದರೆ ಕರಗಿಹೋಗುತ್ತದೆ. ನನಗೆ ಅದು ಅಂಚೆಚೀಟಿಗಳ ಬಗೆಗಿನ ಎರಡು ಇ-ಪುಸ್ತಕಗಳಾಗಿ ಬಂತು.

ಎರಡು, ಮೈಕ್ರೋಸಾಫ್ಟ್ ರಿವಾರ್ಡ್ಸ್. 2010ರಲ್ಲಿ ಬಿಂಗ್ ರಿವಾರ್ಡ್ಸ್ ಎಂಬ ಹೆಸರಲ್ಲಿ ಹುಟ್ಟಿ, 2016ರಲ್ಲಿ ಹೆಸರು ಬದಲಿಸಿಕೊಂಡಿತು. ಲಾಗಿನ್ ಆಗಿ ಬಿಂಗ್‌ನಲ್ಲಿ ಹುಡುಕಿದರೆ ಪ್ರತಿ ಹುಡುಕಾಟಕ್ಕೂ ಕೆಲವು ಪಾಯಿಂಟು, ದಿನಕ್ಕೊಂದು ಮಿತಿ. ಕೂಡಿದ ಪಾಯಿಂಟುಗಳು ಗಿಫ್ಟ್ ಕಾರ್ಡ್ ಆಗುತ್ತವೆ. ಇಲ್ಲೇ ನನಗೆ ಸಿಕ್ಕಿದ್ದು ಅತ್ಯಂತ ಮುದ್ದಾದ ಅಚ್ಚರಿ! ಸರ್ ಎಂ. ವಿಶ್ವೇಶ್ವರಯ್ಯನವರ ಅಂಚೆಚೀಟಿ ಬಿಡುಗಡೆಯಾದದ್ದು 1960ರ ಸೆಪ್ಟೆಂಬರ್ 15ರಂದು, ಅವರು ಬದುಕಿದ್ದಾಗಲೇ, ಶತಮಾನೋತ್ಸವದ ದಿನ. ಆ ಚೀಟಿಯ ಬಗ್ಗೆ, 1964ರ ಪುರಂದರದಾಸರ ಚೀಟಿಯ ಬಗ್ಗೆ, 1949ರ ಪುರಾತತ್ತ್ವ ಸರಣಿಯಲ್ಲಿ ಬಂದ ವಿಜಯಪುರದ ಗೋಲಗುಮ್ಮಟದ ಬಗ್ಗೆ ರಾತ್ರಿಗಟ್ಟಲೆ ಹುಡುಕಿದೆ. ಹುಡುಕಿದ್ದಕ್ಕೇ ಪಾಯಿಂಟು ಬಂತು. ಆ ಪಾಯಿಂಟಿನಿಂದ ಬಂದ ಗಿಫ್ಟ್ ಕಾರ್ಡಿನಲ್ಲಿ ಚಿಮಟ ಮತ್ತು ಭೂತಗನ್ನಡಿ ಕೊಂಡೆ. ಹವ್ಯಾಸದ ಕುತೂಹಲವೇ ಹವ್ಯಾಸದ ಸಲಕರಣೆಯನ್ನು ಕೊಡಿಸಿತು!

ಮೂರು, ಕ್ಯಾಶ್‌ಬ್ಯಾಕ್. ಹೇಗೂ ಕೊಳ್ಳಲೇಬೇಕಾದ ಮಿಕ್ಸಿ ಜಾರನ್ನೋ ಮಗುವಿನ ಶೂವನ್ನೋ ನೇರವಾಗಿ ಕೊಳ್ಳದೆ, ಕ್ಯಾಶ್‌ಬ್ಯಾಕ್ ತಾಣದ ಕೊಂಡಿ ಒತ್ತಿ ಹೋಗುವುದು. ಗಿರಾಕಿಯನ್ನು ಕರೆತಂದದ್ದಕ್ಕೆ ಅಂಗಡಿ ಆ ತಾಣಕ್ಕೆ ಕಮಿಷನ್ ಕೊಡುತ್ತದೆ, ತಾಣ ಅದರಲ್ಲೊಂದು ಪಾಲನ್ನು ನಮಗೆ ಕೊಡುತ್ತದೆ. ‘ಇವರು ಈ ದಾರಿಯಿಂದ ಬಂದರು’ ಎಂದು ಅಂಗಡಿಗೆ ತಿಳಿಸುವ ಕೆಲಸದಲ್ಲಿ ಕುಕಿ ಎಂಬ ಪುಟ್ಟ ಗುರುತುಚೀಟಿಗೆ ದೊಡ್ಡ ಪಾತ್ರ. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮೊಂಟುಲಿ ಎಂಬ ಎಂಜಿನಿಯರ್ ಹುಟ್ಟುಹಾಕಿದ್ದು ಅದು. ಕೂಪನ್ ಹುಡುಕಿಕೊಡುವ ಹನಿ ಎಂಬ ಒಂದು ಬ್ರೌಸರ್ ಎಕ್ಸ್‌ಟೆನ್ಷನ್ನನ್ನು ಪೇಪಾಲ್ ಸುಮಾರು 400 ಕೋಟಿ ಡಾಲರಿಗೆ ಕೊಂಡುಕೊಂಡಿತು ಎಂದರೆ ಈ ದಾರಿಯ ಸುಂಕ ಎಷ್ಟಿರಬೇಕು ಲೆಕ್ಕ ಹಾಕಿ! ಈ ಹೊಳೆಯಲ್ಲಿ ಅವಸರ ನಡೆಯುವುದಿಲ್ಲ. ಸಾಮಾನು ವಾಪಸ್ ಮಾಡುವ ಅವಧಿ ಮುಗಿಯುವವರೆಗೆ ದುಡ್ಡು ‘ಪೆಂಡಿಂಗ್’ ಎಂದೇ ಕೂತಿರುತ್ತದೆ. ಒಮ್ಮೆ ಕಾರ್ಟಿಗೆ ಹಾಕಿದ ಮೇಲೆ ಬೇರೆ ಆ್ಯಪಿಗೆ ಜಿಗಿದು ಕೊಂಡೆ, ಗುರುತು ತಪ್ಪಿ ನಯಾಪೈಸೆ ಬರಲಿಲ್ಲ. ಅಂದಿನಿಂದ ಕೊಂಡಿ ಒತ್ತಿದ ಮೇಲೆ ನೇರ ಒಂದೇ ದಾರಿ. ಬಂದ ದುಡ್ಡು ಬ್ಯಾಂಕಿಗೇ ಬರುತ್ತದೆ. ಹಾಗಾಗಿ ನಿಜವಾದ ಸ್ಟ್ಯಾಂಪುಗಳು ಬಂದದ್ದು ಈ ಹೊಳೆಯಿಂದ.

ನಾಲ್ಕನೆಯದನ್ನು ನಾನು ದಡದಲ್ಲಿ ನಿಂತು ನೋಡುತ್ತಿದ್ದೇನೆ. 1995ರಲ್ಲಿ ಹತ್ತು ದಿನಗಳಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯ ಮೊದಲ ರೂಪ ಬರೆದು ಸತ್ತ ಪುಟಗಳಿಗೆ ಜೀವ ತುಂಬಿದ ಬ್ರೆಂಡನ್ ಐಕ್, ಮುಂದೆ ಬ್ರೇವ್ ಎಂಬ ಬ್ರೌಸರ್ ಕಟ್ಟಿದರು. ಒಪ್ಪಿಕೊಂಡವರಿಗೆ ಮಾತ್ರ ಜಾಹೀರಾತು ತೋರಿಸುವುದು, ಅದರ ಗಳಿಕೆಯಲ್ಲಿ ಶೇಕಡಾ 70ನ್ನು ನೋಡಿದವರಿಗೇ ಕೊಡುವುದು ಅವರ ಯೋಜನೆ. ಕೊಡುವುದು ‘ಬೇಸಿಕ್ ಅಟೆನ್ಷನ್ ಟೋಕನ್’ ಎಂಬ ಕ್ರಿಪ್ಟೊ ನಾಣ್ಯದಲ್ಲಿ. ಹೆಸರಲ್ಲೇ ಗಮನ! 2017ರ ಮೇ ತಿಂಗಳಲ್ಲಿ ಆ ಟೋಕನ್ ಮಾರಾಟಕ್ಕಿಟ್ಟಾಗ ಅರ್ಧ ನಿಮಿಷದೊಳಗೆ ಸುಮಾರು 3.5 ಕೋಟಿ ಡಾಲರ್ ಕೂಡಿತು. ಅದರ ಬೆಲೆ ಏರಿಳಿಯುತ್ತದೆ, ನಮ್ಮಲ್ಲಿ ಕ್ರಿಪ್ಟೊ ಲಾಭಕ್ಕೆ ಶೇಕಡಾ 30 ತೆರಿಗೆಯಿದೆ. ಹಾಗಾಗಿ ನನ್ನ ಡಬ್ಬಿಗೆ ಅದು ಬಂದಿಲ್ಲ. ಆದರೆ ಆ ಆಲೋಚನೆಗೆ ನನ್ನ ನಮಸ್ಕಾರ.

ದುಡ್ಡಿಲ್ಲದೆಯೂ ದುಡಿದ ಬೆರಳು

ಇಷ್ಟಕ್ಕೇ ಮುಗಿಯಲಿಲ್ಲ. ‘ನೀವು ರೋಬಾಟ್ ಅಲ್ಲ ಎಂದು ಸಾಬೀತುಪಡಿಸಿ’ ಎಂದು ಒಂದು ಕಾಲದಲ್ಲಿ ಎರಡು ಸೊಟ್ಟ ಪದಗಳು ಬರುತ್ತಿದ್ದವಲ್ಲ, ನೆನಪಿದೆಯೇ? ಗ್ವಾಟೆಮಾಲಾದಲ್ಲಿ ಹುಟ್ಟಿದ ಲೂಯಿಸ್ ವಾನ್ ಆನ್ ಮತ್ತು ಸಂಗಡಿಗರು 2007ರಲ್ಲಿ ತಂದ ರೀಕ್ಯಾಪ್ಚಾ ಅದು. ಒಂದು ಪದ ಪರೀಕ್ಷೆಗೆ. ಇನ್ನೊಂದು ಪದ, ಕಂಪ್ಯೂಟರ್ ಓದಲಾಗದೆ ಕೈಚೆಲ್ಲಿದ ಹಳೆಯ ಮುದ್ರಣದ ಪದ! ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಲೋಕದ ಜನ ತಮಗೆ ಗೊತ್ತೇ ಇಲ್ಲದೆ, ಪದ ಪದವಾಗಿ ಓದಿಕೊಟ್ಟರು. ನಾನೂ ಅದೆಷ್ಟೋ ಸಲ ಒತ್ತಿದ್ದೇನೆ. ನನ್ನ ಬೆರಳು ಯಾವುದೋ ನೂರು ವರ್ಷದ ಹಿಂದಿನ ಸುದ್ದಿಯ ಒಂದು ಪದವನ್ನು ಉಳಿಸಿರಬಹುದು ಎಂದು ನೆನೆದರೆ ಈಗಲೂ ಗಂಟಲು ತುಂಬುತ್ತದೆ. ಹಾಗೆಯೇ ಬರ್ಲಿನ್ನಿನ ಇಕೋಸಿಯಾ ಎಂಬ ಸರ್ಚ್ ಎಂಜಿನ್ 2009ರಿಂದ ತನ್ನ ಜಾಹೀರಾತಿನ ಗಳಿಕೆಯಲ್ಲಿ ಗಿಡ ನೆಡಿಸುತ್ತಿದೆ. ಒಂದಷ್ಟು ಹುಡುಕಾಟ ಕೂಡಿದರೆ ಎಲ್ಲೋ ಒಂದು ಗಿಡಕ್ಕೆ ಗುಂಡಿ ತೋಡುತ್ತಾರೆ!

ಸಣ್ಣದು ಎನ್ನುವ ಪದವನ್ನೇ ನಾನು ಮರೆತುಬಿಟ್ಟಿದ್ದೇನೆ. ಹನಿ ಹನಿ ಕೂಡಿದರೆ ಹಳ್ಳ ಎಂದು ಅಜ್ಜಿ ಹೇಳುತ್ತಿದ್ದಳು. ಆ ಹನಿ ಬೆರಳ ತುದಿಯಿಂದಲೂ ಬೀಳುತ್ತದೆ ಎಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ತಕ್ಕಡಿಯ ಮುಳ್ಳು ನೋಡಿ

ಅಮ್ಮ ತಕ್ಕಡಿಯ ಮುಳ್ಳಿನಿಂದ ಕಣ್ಣು ಕೀಳುತ್ತಿರಲಿಲ್ಲ. ಅದೇ ಎಚ್ಚರ ಇಲ್ಲಿಯೂ ಬೇಕು. ಪ್ರೀತಿಯಿಂದ ಹೇಳುತ್ತೇನೆ, ಕೇಳಿ. ನಿಜವಾಗಿ ಕೊಡುವವರು ನಮ್ಮಿಂದ ಮೊದಲು ದುಡ್ಡು ಕೇಳುವುದಿಲ್ಲ. ವಿಡಿಯೊ ಲೈಕ್ ಮಾಡಿ, ಹೋಟೆಲಿಗೆ ಸ್ಟಾರ್ ಕೊಡಿ, ದಿನಕ್ಕೆ ಸಾವಿರಾರು ರೂಪಾಯಿ ಎಂದು ವಾಟ್ಸ್ಆ್ಯಪ್, ಟೆಲಿಗ್ರಾಮಿನಲ್ಲಿ ಬರುವವರು ಮೊದಲು ನೂರೋ ಇನ್ನೂರೋ ಕೊಟ್ಟು ನಂಬಿಸಿ, ಆಮೇಲೆ ‘ಡೆಪಾಸಿಟ್’ ಕೇಳುತ್ತಾರೆ. ಅದು ಶುದ್ಧ ಮೋಸ. ಸಿಕ್ಕಿಬಿದ್ದರೆ ನಾಚಿಕೆಪಡದೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಒಟಿಪಿ, ಪಿನ್ ಯಾರಿಗೂ ಬೇಡ. ಎಕ್ಸ್‌ಟೆನ್ಷನ್ ಹಾಕುವಾಗ ‘ಎಲ್ಲ ಜಾಲತಾಣಗಳ ಡೇಟಾ ಓದುವ’ ಅನುಮತಿ ಕೇಳಿದರೆ ಒಂದು ಕ್ಷಣ ನಿಲ್ಲಿ. ನಾನು ಈ ಕೆಲಸಕ್ಕೇ ಬೇರೆ ಬ್ರೌಸರ್ ಇಟ್ಟಿದ್ದೇನೆ, ಬ್ಯಾಂಕಿನ ವ್ಯವಹಾರ ಅದರ ಹತ್ತಿರವೂ ಸುಳಿಯುವುದಿಲ್ಲ.

ಇನ್ನೊಂದು ಮಾತು ಎಲ್ಲಕ್ಕಿಂತ ದೊಡ್ಡದು. ಹುಡುಕಿದ್ದಕ್ಕೆ ಪಾಯಿಂಟು ಬರಲಿ, ಪಾಯಿಂಟಿಗಾಗಿ ಹುಡುಕುವುದು ಬೇಡ. ಮೂವತ್ತು ರೂಪಾಯಿ ವಾಪಸ್ ಬರುತ್ತದೆಂದು ಬೇಡದ ಸಾವಿರ ರೂಪಾಯಿ ಸಾಮಾನು ಕೊಂಡರೆ ಡಬ್ಬಿ ತುಂಬುವುದಿಲ್ಲ, ತಳ ಒಡೆಯುತ್ತದೆ. ರದ್ದಿ ಮಾರುವ ಆಸೆಗೆ ಅಮ್ಮ ಎಂದೂ ಎರಡನೇ ಪೇಪರ್ ತರಿಸಲಿಲ್ಲ.

ಕಾಫಿಯ ಘಮ

ಅಂಚೆಚೀಟಿಯಂಥ ಹವ್ಯಾಸಕ್ಕೆ ಈ ಚಿಲ್ಲರೆ ದುಡ್ಡು ಹೇಳಿ ಮಾಡಿಸಿದ ಜೋಡಿ. ಅಂಚೆ ಇಲಾಖೆಯಲ್ಲಿ ಕನಿಷ್ಠ ₹200 ಇಟ್ಟು ಫಿಲಾಟೆಲಿ ಡೆಪಾಸಿಟ್ ಖಾತೆ ತೆರೆದರೆ ಹೊಸ ಚೀಟಿಗಳು ಬಂದ ಹಾಗೆಲ್ಲ ಮನೆಗೇ ಬರುತ್ತವೆ. ಎಷ್ಟೋ ಸ್ಮರಣಾರ್ಥ ಚೀಟಿಗಳ ಮುಖಬೆಲೆ ಬರೀ ₹5. ರಾಜಭವನ ರಸ್ತೆಯ ಜಿಪಿಒ ಕಲ್ಲುಕಟ್ಟಡದ ಮೆಟ್ಟಿಲು ಹತ್ತಿ, ಕ್ಯಾಶ್‌ಬ್ಯಾಕಿನ ದುಡ್ಡಿನಲ್ಲಿ ಆ ಖಾತೆ ತೆರೆದ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಮನೆಖರ್ಚಿನ ಒಂದು ಪೈಸೆ ಮುಟ್ಟಿರಲಿಲ್ಲ! ‘ಇದಕ್ಕೆಲ್ಲ ಯಾಕೆ ದುಡ್ಡು’ ಎಂದು ಮನಸ್ಸಿನೊಳಗೆ ಚುಚ್ಚುವ ಮುಳ್ಳು ಅವತ್ತು ಸುಮ್ಮನಿತ್ತು. ಹವ್ಯಾಸಕ್ಕೆ ತನ್ನದೇ ಡಬ್ಬಿ ಸಿಕ್ಕಾಗ ಬರುವ ಆ ಹಗುರ ಎಷ್ಟು ಸಿಹಿ ಎಂದು ಅವತ್ತು ಗೊತ್ತಾಯಿತು.

ವರ್ಷವಿಡೀ ಕೂಡಿದ್ದರಲ್ಲಿ ಕೊನೆಗೆ ಕೊಂಡದ್ದು ನಾನು ಬಹುಕಾಲದಿಂದ ಆಸೆಪಟ್ಟಿದ್ದ ಒಂದು ಚೀಟಿ. 2006ರಲ್ಲಿ ನಮ್ಮ ದೇಶದ ಮೊದಲ ಪರಿಮಳದ ಅಂಚೆಚೀಟಿ ಬಂದಾಗ ಅದರ ಘಮ ಶ್ರೀಗಂಧದ್ದು. 2017ರ ಏಪ್ರಿಲ್ 23ರಂದು ಬೆಂಗಳೂರಿನಲ್ಲೇ ಬಿಡುಗಡೆಯಾದ ಚೀಟಿಗೆ ಕಾಫಿಯ ಘಮ. ಮುಖಬೆಲೆ ₹100. ಒಬ್ಬ ಹಳೆಯ ವ್ಯಾಪಾರಿಯಿಂದ ಸ್ವಲ್ಪ ಹೆಚ್ಚೇ ಕೊಟ್ಟು ತಂದೆ.

ಮನೆಗೆ ಬಂದು, ಬಿಂಗ್ ಕೊಡಿಸಿದ ಚಿಮಟದಲ್ಲಿ ಅದನ್ನು ಮೆಲ್ಲಗೆ ಎತ್ತಿ ಅಮ್ಮನ ಮೂಗಿನ ಹತ್ತಿರ ಹಿಡಿದೆ. ಸಕಲೇಶಪುರದ ಕಾಫಿತೋಟದ ಮಗಳು ಅವಳು. ಕಣ್ಣು ಮುಚ್ಚಿದಳು, ಉಸಿರು ಎಳೆದಳು. ವರ್ಷಗಳಾದ ಮೇಲೆ ಆ ಚೀಟಿಯಲ್ಲಿ ಘಮ ಎಷ್ಟು ಉಳಿದಿತ್ತೋ, ಆದರೆ ಅವಳ ಮುಖದಲ್ಲಿ ಹುರಿದ ಬೀಜದ ಒಂದು ಇಡೀ ಅಂಗಳ ಅರಳಿತು.

“ಎಷ್ಟು ಕೊಟ್ಟೆಯೇ ಇದಕ್ಕೆ?”

“ಮನೆ ದುಡ್ಡಲ್ಲ ಅಮ್ಮ. ಫೋನಿನಲ್ಲಿ ಓದಿದ್ದು, ಹುಡುಕಿದ್ದು ಎಲ್ಲ ಸೇರಿ ಬಂದ ದುಡ್ಡು.”

ಅಮ್ಮ ಒಂದು ಗಳಿಗೆ ನನ್ನ ಫೋನನ್ನು ನೋಡಿದಳು. ನಾನು ಇಷ್ಟು ಪುಟ ಬರೆದು ಹೇಳಿದ್ದನ್ನು ಅವಳು ಒಂದೇ ಮಾತಿನಲ್ಲಿ ಹಿಡಿದಳು.

“ಓಹೋ, ರದ್ದಿ ದುಡ್ಡು ಅನ್ನು!” ಎಂದವಳು, ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು ತನ್ನ ಫೋನನ್ನು ನನ್ನ ಕಡೆ ಚಾಚಿದಳು. “ನನ್ನದರಲ್ಲೂ ಹಾಕಿಕೊಡೆ. ಗಿಳಿಹಸಿರು ದಾರ ಮುಗಿದಿದೆ.”